ಬಾಟಲಿ ಮೇಲಿನ ಮುಖ ಯಾರದ್ದು?

ಕಳೆದ ಸಂಚಿಕೆಯಲ್ಲಿ ರಷ್ಯಾದ ಬಿಯರ್ ಡಬ್ಬಿಯೊಂದರ ಮೇಲೆ ಗಾಂಧೀಜಿ ಚಿತ್ರ ಬಂದ ವಿಷಯ ಎರಡೇ ಸಾಲಿನಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದ ಮೇಲೆ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ ಅನ್ನಿಸಿತು. ಕೆಲವರು ಸಿಟ್ಟಿನಿಂದ ಬರೆದಿದ್ದೀರಿ. ಇನ್ನು ಕೆಲವರು ‘ಇಷ್ಟಕ್ಕೆಲ್ಲಾ ಯಾಕೆ ಗಲಾಟೆ’ ಅಂತ ಕೇಳಿದ್ದೀರಿ. ಇಬ್ಬರ ಮಾತಿಗೂ ಉತ್ತರ ಇಲ್ಲಿದೆ. ಪ್ರಶ್ನೆಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಗಾಂಧೀಜಿ ಕುಡಿತದ ವಿರುದ್ಧ ಇದ್ದವರು ಅಂತ ಇಡೀ ಪ್ರಪಂಚಕ್ಕೆ ಗೊತ್ತು. ಆದರೂ ಬಿಯರ್ ಮೇಲೆ ಅವರನ್ನೇ ಯಾಕೆ ಹಾಕುತ್ತಾರೆ? ಗೊತ್ತಿಲ್ಲದೇನಾ, ಬೇಕಂತಲೇನಾ?
— ಓದುಗರು, ಶಿವಮೊಗ್ಗ

ಇಡೀ ಪ್ರಪಂಚಕ್ಕೆ ಗೊತ್ತು ಅಂತ ನಾವು ಅಂದುಕೊಂಡಿದ್ದೇವೆ, ಅಷ್ಟೇ. ಹೊರಗಿನ ಜಾಸ್ತಿ ಜನಕ್ಕೆ ಗೊತ್ತಿರುವುದು ಒಂದು ಮುಖ. ಬೋಳು ತಲೆ, ದುಂಡು ಕನ್ನಡಕ, ಮೀಸೆ. ನೋಡಿದ ಕೂಡಲೇ ಗುರುತು ಸಿಗುತ್ತದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಮಾರುವವನಿಗೆ ಇದಕ್ಕಿಂತ ಸುಲಭದ ಸರಕು ಬೇರೆ ಎಲ್ಲಿ ಸಿಗುತ್ತದೆ ಹೇಳಿ.

ರಷ್ಯಾದ ರಿವೋರ್ಟ್ ಕಂಪನಿಯ ಡಬ್ಬಿ ಸುದ್ದಿಯಾಗಿದ್ದು 2025ರ ಫೆಬ್ರವರಿಯಲ್ಲಿ. ಅದೇ ಮೊದಲಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಇಂಗ್ಲೆಂಡ್ ಬ್ರೂಯಿಂಗ್ ಕಂಪನಿ ಗಾಂಧೀಜಿಯನ್ನು ರೋಬೋ ಥರ ಬರೆದು ‘ಗಾಂಧಿ ಬಾಟ್’ ಅಂತ ಬಿಯರ್ ಮಾರುತ್ತಿತ್ತು. 2015ರಲ್ಲಿ ಹೈದರಾಬಾದಿನ ವಕೀಲರೊಬ್ಬರು ಕೋರ್ಟಿಗೆ ಹೋದರು, ಕಂಪನಿ ಕ್ಷಮೆ ಕೇಳಿತು, ಆಮೇಲೆ ಹೆಸರನ್ನು ‘ಜಿ ಬಾಟ್’ ಅಂತ ಮಾಡಿತು. 2019ರಲ್ಲಿ ಇಸ್ರೇಲಿನ ಮಲ್ಕಾ ಬಿಯರ್‌ನವರು ತಮ್ಮ ಸ್ವಾತಂತ್ರ್ಯ ದಿನಕ್ಕೆ ಅಂತ ಬಾಟಲಿಗಳ ಮೇಲೆ ತಮ್ಮ ನಾಯಕರ ಚಿತ್ರ ಹಾಕಿದರು, ಬೆನ್ ಗುರಿಯನ್, ಗೋಲ್ಡಾ ಮೆಯಿರ್ ಹೀಗೆ. ಆ ಸಾಲಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಗಾಂಧೀಜಿಯೂ ಇದ್ದರು. ನಮ್ಮ ರಾಜ್ಯಸಭೆಯಲ್ಲಿ ವಿಷಯ ಬಂತು. ಅವರೂ ಕ್ಷಮೆ ಕೇಳಿದರು.

ಮೂರೂ ಕಡೆ ಗೌರವದಿಂದಲೇ ಮಾಡಿದ್ದು ಅನ್ನುವ ಮಾತು ಬರಬಹುದು. ಬಂದರೂ ನಾನು ಒಪ್ಪಲ್ಲ. ಲಂಡನ್ನಿಗೆ ಓದೋಕೆ ಹೊರಟಾಗ ಮದ್ಯ ಮುಟ್ಟಲ್ಲ ಅಂತ ತಾಯಿಗೆ ಮಾತು ಕೊಟ್ಟ ಹುಡುಗ ಅವರು. ಮುಂದೆ ಅವರ ಮಾತು ಕೇಳಿ ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿಕೊಂಡು ಹೆಂಡದಂಗಡಿಗಳ ಮುಂದೆ ಬಿಸಿಲಲ್ಲಿ ಕೂತರು. ನಮ್ಮ ಚಿತ್ರದುರ್ಗದ ಪಕ್ಕದ ತುರುವನೂರಿನಲ್ಲಿ 1939ರಲ್ಲಿ ಜನ ಸತ್ಯಾಗ್ರಹ ಅಂತ ಕಡಿದಿದ್ದು ಈಚಲು ಮರಗಳನ್ನು. ಹೆಂಡದ ಮರ ಕಡಿಯುವುದೇ ಸ್ವಾತಂತ್ರ್ಯದ ಕೆಲಸ ಅಂತ ನಂಬಿ ಜೈಲಿಗೆ ಹೋದವರು ನಮ್ಮ ಸೀಮೆಯಲ್ಲೇ ಇದ್ದಾರೆ. ಅಂಥವರ ಮುಖ್ಯಸ್ಥನ ಮುಖ ತಂದು ಬಿಯರ್ ಡಬ್ಬಿಗೆ ಅಂಟಿಸಿದರೆ ಅದರಲ್ಲಿ ಗೌರವ ಎಲ್ಲಿಂದ ಬಂತು? ಮುಖ ಇಟ್ಟುಕೊಂಡು ಮನುಷ್ಯನನ್ನು ಆಚೆ ಹಾಕಿದ ಹಾಗಾಯಿತು.

ಅಮೆರಿಕದಲ್ಲಿ ಒಬ್ಬ ‘ರೆಡ್ ಇಂಡಿಯನ್’ ನಾಯಕನ ಹೆಸರಿನ ಬಿಯರ್ ಮೇಲೆ ದೊಡ್ಡ ಕೇಸ್ ನಡೆದಿತ್ತಂತೆ. ನಮ್ಮ ಲಾ ಕಾಲೇಜಿನಲ್ಲಿ ಮೇಡಂ ಒಂದು ಸಾಲು ಹೇಳಿ ಬಿಟ್ಟರು. ಪೂರ್ತಿ ಕಥೆ ಹೇಳ್ತೀರಾ?
— ವಿದ್ಯಾರ್ಥಿನಿ, ದಾವಣಗೆರೆ

ಹೇಳ್ತೀನಮ್ಮ. ಮೊದಲು ಒಂದು ಮಾತು. ‘ರೆಡ್ ಇಂಡಿಯನ್’ ಅನ್ನುವುದನ್ನು ಬಿಟ್ಟುಬಿಡೋಣ. ನಮ್ಮ ಶಾಲೆ ಪುಸ್ತಕಗಳಿಂದಲೇ ನಮಗೆ ಅಂಟಿಕೊಂಡ ಪದ ಅದು, ನಿನ್ನ ತಪ್ಪಲ್ಲ. ಅವರಿಗೆ ಅವರದೇ ಹೆಸರುಗಳಿವೆ. ಈ ಕಥೆ ಅಮೆರಿಕದ ಮೂಲನಿವಾಸಿಗಳಾದ ಲಕೋಟ ಜನರದ್ದು.

ಆ ನಾಯಕನ ಹೆಸರು ಲಕೋಟ ಭಾಷೆಯಲ್ಲಿ ತಶುಂಕೆ ವಿಟ್ಕೊ. ಇಂಗ್ಲಿಷಿನಲ್ಲಿ ಕ್ರೇಜಿ ಹಾರ್ಸ್ ಅಂದರು. 1876ರ ಜೂನ್‌ನಲ್ಲಿ ಲಿಟ್ಲ್ ಬಿಗ್‌ಹಾರ್ನ್ ನದಿಯ ಹತ್ತಿರ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನನ್ನು ಸೋಲಿಸಿದ ಯುದ್ಧದಲ್ಲಿ ಮುಂದೆ ನಿಂತವರಲ್ಲಿ ಅವನೊಬ್ಬ. ಮುಂದಿನ ವರ್ಷ ತನ್ನ ಜನ ಹಸಿವಿನಿಂದ ಸಾಯುವುದು ನೋಡಲಾರದೆ ಶರಣಾದ. 1877ರ ಸೆಪ್ಟೆಂಬರ್ 5ರಂದು ನೆಬ್ರಾಸ್ಕಾದ ಫೋರ್ಟ್ ರಾಬಿನ್ಸನ್‌ನಲ್ಲಿ ಅವನನ್ನು ಕೂಡಿಹಾಕಲು ಹೋದಾಗ ಎಳೆದಾಟವಾಯಿತು, ಕಾವಲಿನ ಸೈನಿಕ ಬಯೋನೆಟ್‌ನಿಂದ ಚುಚ್ಚಿದ, ಅದೇ ರಾತ್ರಿ ತೀರಿಕೊಂಡ. ಅಪ್ಪ ಅಮ್ಮ ಹೆಣ ತೆಗೆದುಕೊಂಡು ಹೋಗಿ ಮಣ್ಣು ಮಾಡಿದರು. ಎಲ್ಲಿ ಅನ್ನುವುದು ಇವತ್ತಿಗೂ ಹೊರಗಿನವರಿಗೆ ಗೊತ್ತಿಲ್ಲ. ಅವನದು ಅಂತ ಎಲ್ಲರೂ ಒಪ್ಪುವ ಒಂದೇ ಒಂದು ಫೋಟೋ ಇಲ್ಲ. ತನ್ನ ಜನ ಬಿಳಿಯರ ಮದ್ಯ ಕುಡಿಯುವುದನ್ನು ಅವನು ವಿರೋಧಿಸುತ್ತಿದ್ದ ಅಂತ ಅವನ ಕುಟುಂಬದವರು ಇವತ್ತಿಗೂ ಹೇಳುತ್ತಾರೆ.

ಈಗ 1992ಕ್ಕೆ ಬಾ. ನ್ಯೂಯಾರ್ಕಿನ ಹಾರ್ನೆಲ್ ಬ್ರೂಯಿಂಗ್ ಅನ್ನುವ ಕಂಪನಿ, ಅರಿಜೋನಾ ಐಸ್ ಟೀ ಮಾಡುವವರದ್ದೇ, ಒಂದು ಸ್ಟ್ರಾಂಗ್ ಬಿಯರ್ ಮಾರುಕಟ್ಟೆಗೆ ಬಿಟ್ಟಿತು. ಮಾಲ್ಟ್ ಲಿಕರ್ ಅಂತಾರೆ. ದೊಡ್ಡ ಬಾಟಲಿ, ನಮ್ಮ ಲೆಕ್ಕದಲ್ಲಿ ಒಂದು ಲೀಟರಿಗಿಂತ ಜಾಸ್ತಿ. ಹೆಸರು ‘ದಿ ಒರಿಜಿನಲ್ ಕ್ರೇಜಿ ಹಾರ್ಸ್’. ಲೇಬಲ್ ಮೇಲೆ ಗರಿಗಳ ಕಿರೀಟ ತೊಟ್ಟ ಒಂದು ಮುಖ. ಫೋಟೋನೇ ಇಲ್ಲದ ಮನುಷ್ಯನಿಗೆ ಇವರು ಒಂದು ಮುಖ ಬರೆದುಕೊಟ್ಟರು! ಜೊತೆಗೆ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಬಗ್ಗೆ, ಆ ಹೆಮ್ಮೆಯ ಜನಾಂಗಗಳ ಬಗ್ಗೆ ನಾಲ್ಕು ಬಣ್ಣದ ಮಾತು. ಆ ಬ್ಲ್ಯಾಕ್ ಹಿಲ್ಸ್ ಲಕೋಟರ ಪವಿತ್ರ ಜಾಗ, ಒಪ್ಪಂದ ಮುರಿದು ಸರ್ಕಾರ ಕಿತ್ತುಕೊಂಡಿದ್ದು. ಅದನ್ನು ವಾಪಸ್ ಕೊಡಿ ಅಂತ ಅವರು ಇನ್ನೂ ಕೇಳುತ್ತಲೇ ಇದ್ದಾರೆ.

ಅಮೆರಿಕದ ಆಗಿನ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, ಆಂಟೋನಿಯಾ ನೊವೆಲೊ ಬಹಿರಂಗವಾಗಿ ಇದನ್ನು ಟೀಕಿಸಿದರು. ಅದೇ ವರ್ಷ ಅವರ ಪಾರ್ಲಿಮೆಂಟು, ಅಂದರೆ ಕಾಂಗ್ರೆಸ್, ಮದ್ಯದ ಲೇಬಲ್ ಮೇಲೆ ಈ ಹೆಸರು ಬಳಸುವಂತಿಲ್ಲ ಅಂತ ಕಾನೂನನ್ನೇ ಮಾಡಿತು. ಕಂಪನಿ ಕೋರ್ಟಿಗೆ ಹೋಯಿತು. 1993ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಆ ಕಾನೂನನ್ನು ತೆಗೆದುಹಾಕಿತು. ಕಾರಣ ವಾಕ್ ಸ್ವಾತಂತ್ರ್ಯ. ಒಂದು ಹೆಸರು ಕೆಲವರಿಗೆ ನೋವು ಕೊಡುತ್ತದೆ ಅನ್ನುವ ಕಾರಣಕ್ಕೆ ಸರ್ಕಾರ ಅದನ್ನು ನಿಷೇಧಿಸುವ ಹಾಗಿಲ್ಲ ಅನ್ನುವುದು ಅಲ್ಲಿನ ಸಂವಿಧಾನದ ದಾರಿ. ನೀನು ಕಾನೂನು ಓದುತ್ತಿದ್ದೀಯ, ಈ ಭಾಗ ನಿನಗೆ ಪರೀಕ್ಷೆಗೂ ಉಪಯೋಗ ಆಗಬಹುದು.

ನನಗೆ ಮುಖ್ಯ ಅನ್ನಿಸುವುದು ಆಮೇಲಿನದು. ಕುಟುಂಬದವರು ತಮ್ಮದೇ ಜಾಗದಲ್ಲಿ, ಸೌತ್ ಡಕೋಟಾದ ರೋಸ್‌ಬಡ್ ಬುಡಕಟ್ಟಿನ ಕೋರ್ಟಿನಲ್ಲಿ, ಕೇಸ್ ಹಾಕಿದರು. ಅವರ ವಾದ ಏನು ಗೊತ್ತಾ? ಸತ್ತವರ ಹೆಸರು ಮತ್ತು ಆತ್ಮ ಏಳು ತಲೆಮಾರಿನ ತನಕ ಕುಟುಂಬದ ರಕ್ಷಣೆಯಲ್ಲಿ ಇರುತ್ತದೆ, ಕೇಳದೆ ಯಾರೂ ಮುಟ್ಟುವ ಹಾಗಿಲ್ಲ, ಇದು ನಮ್ಮ ರೂಢಿ. ಪರಿಹಾರ ಕೇಳಿದ್ದೂ ಅದೇ ರೂಢಿಯ ಪ್ರಕಾರ: ಕಂಬಳಿ, ಹೊಗೆಸೊಪ್ಪು, ಕುದುರೆ. 1998ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು, ಹೊರಗೆ ಮಾರಿದ ಬಾಟಲಿ ಬಗ್ಗೆ ವಿಚಾರಣೆ ಮಾಡುವ ಅಧಿಕಾರ ಬುಡಕಟ್ಟಿನ ಕೋರ್ಟಿಗೆ ಇಲ್ಲ ಅಂತು. ಅಲ್ಲಿಗೂ ಸೋಲೇ.

ಆದರೆ ಆ ಬಿಯರನ್ನು ತಯಾರಿಸಿ ಕೊಡುತ್ತಿದ್ದ ಕಂಪನಿಯನ್ನು ಅಷ್ಟರಲ್ಲಿ ಸ್ಟ್ರೋ ಅನ್ನುವ ಹಳೇ ಬ್ರೂಯರಿ ಕೊಂಡುಕೊಂಡಿತ್ತು. 2001ರಲ್ಲಿ ಆ ಮನೆತನದ ಜಾನ್ ಸ್ಟ್ರೋ ತಾನೇ ರೋಸ್‌ಬಡ್‌ಗೆ ಬಂದು ಕುಟುಂಬದವರ ಮುಂದೆ ನಿಂತು ಕ್ಷಮೆ ಕೇಳಿದ. ಬಿಯರ್ ಮಾರಿದ 32 ರಾಜ್ಯಗಳ ಲೆಕ್ಕಕ್ಕೆ 32 ಕಂಬಳಿ, 32 ಜಡೆ ಸ್ವೀಟ್‌ಗ್ರಾಸ್. ಅದು ಅವರ ಪೂಜೆಗೆ ಬಳಸುವ, ಪರಿಮಳದ ಹುಲ್ಲು, ಕೂದಲಿನ ಥರ ಹೆಣೆದಿರುತ್ತಾರೆ. ಜೊತೆಗೆ ಹೊಗೆಸೊಪ್ಪು. ಬಿಯರ್ ತಯಾರಾದ ಏಳು ಕಾರ್ಖಾನೆಗಳ ಲೆಕ್ಕಕ್ಕೆ ಒಳ್ಳೇ ತಳಿಯ ಏಳು ಕುದುರೆ.

ನಾನು ಈ ದೃಶ್ಯವನ್ನು ಎಷ್ಟು ಸಲ ಮನಸ್ಸಿನಲ್ಲಿ ನೋಡಿದ್ದೀನೋ ಲೆಕ್ಕ ಇಲ್ಲ. ಚೆಕ್ ಬರೆದು ಪೋಸ್ಟ್ ಮಾಡಬಹುದಿತ್ತು. ವಕೀಲರ ಕೈಲಿ ಒಂದು ಹೇಳಿಕೆ ಕೊಡಿಸಬಹುದಿತ್ತು. ಅದು ಬಿಟ್ಟು ತಾನೇ ಹೋದ, ಅವರ ನೆಲದಲ್ಲಿ, ಅವರ ಲೆಕ್ಕದ ಪ್ರಕಾರ, ಅವರು ಬೆಲೆ ಕೊಡುವ ವಸ್ತುಗಳನ್ನು ಕೈಯಾರೆ ಕೊಟ್ಟ. ನಮ್ಮಲ್ಲೂ ಕಂಬಳಿ ಹೊದಿಸುವುದು ಅಂದರೆ ಬರೀ ಚಳಿಗೆ ಹೊದಿಸುವುದಲ್ಲ, ಅಲ್ವಾ? ಕಂಬಳಿ ಗದ್ದುಗೆ ಹಾಕುವ ಮನೆಗಳಲ್ಲಿ ಹುಟ್ಟಿದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾನೂನು ಮಾಡಿದ ಕಾಂಗ್ರೆಸ್ಸಿನ ಕೈಲಿ ಆಗದೇ ಇದ್ದದ್ದು ಆವತ್ತು ಒಂದಷ್ಟು ಮಟ್ಟಿಗೆ ಆಯಿತು.

ಈ ಥರ ಬಿಯರಿಗೆ ಜನಾಂಗದ ಚರಿತ್ರೆ ಸೇರಿಸಿ ಮಾರುವುದು ಹೊಸ ಕಾಲದ ಚಾಳಿ ಇರಬೇಕು. ಹಿಂದೆ ಹೀಗೆಲ್ಲ ಇರಲಿಲ್ಲ ಅಲ್ವಾ?
— ನಿವೃತ್ತ ಶಿಕ್ಷಕರು, ಗದಗ

ಇತ್ತು ಮೇಷ್ಟ್ರೇ. ಅದೂ ಮೇಲೆ ಹೇಳಿದ ಅದೇ ಯುದ್ಧದ ಮೇಲೆ.

1896ರಲ್ಲಿ ಸೇಂಟ್ ಲೂಯಿಸ್ ನಗರದ ಆನ್‌ಹೈಸರ್ ಬುಷ್, ಅಂದರೆ ಬಡ್‌ವೈಸರ್ ಮಾಡುವವರು, ‘ಕಸ್ಟರನ ಕೊನೆಯ ಕಾಳಗ’ ಅಂತ ಒಂದು ಬಣ್ಣದ ಚಿತ್ರ ಅಚ್ಚು ಹಾಕಿಸಿದರು. ಕ್ಯಾಸಿಲಿ ಆಡಮ್ಸ್ ಅನ್ನುವವನು ಬರೆದ ದೊಡ್ಡ ವರ್ಣಚಿತ್ರ ಮೊದಲೇ ಇತ್ತು, ಅದನ್ನು ನೋಡಿಕೊಂಡು ಆಟೋ ಬೆಕರ್ ಇನ್ನೊಂದು ಬರೆದ. 1.5 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು. ಊರೂರಿನ ಬಾರಿನ ಗೋಡೆಗೆ ಒಂದೊಂದು.

ಆ ಚಿತ್ರ ಹತ್ತಿರದಿಂದ ನೋಡಿ. ನಡುವೆ ಕಸ್ಟರ್, ಉದ್ದ ಕೂದಲು, ಕತ್ತಿ ಎತ್ತಿ ನಿಂತಿದ್ದಾನೆ. ನಿಜದಲ್ಲಿ ಆ ದಿನ ಅವನ ಪಡೆ ಕತ್ತಿಗಳನ್ನು ಶಿಬಿರದಲ್ಲೇ ಬಿಟ್ಟು ಬಂದಿತ್ತು. ಸುತ್ತ ಗರಿ ತೊಟ್ಟ ಜನ, ಮುಂದೆ ಬಿದ್ದ ಸೈನಿಕನ ತಲೆಚರ್ಮ ಕೊಯ್ಯುತ್ತಿರುವವನು. ಕೆಳಗೆ ದೊಡ್ಡ ಅಕ್ಷರದಲ್ಲಿ ಬಿಯರ್ ಕಂಪನಿ ಹೆಸರು. ಸಂಜೆ ಕೆಲಸ ಮುಗಿಸಿ ಬಂದವನು ಒಂದು ಗ್ಲಾಸ್ ಕುಡಿಯುವಷ್ಟು ಹೊತ್ತು ಅದನ್ನೇ ನೋಡಬೇಕು. ಹೀಗೆ ಎಷ್ಟೋ ಅಮೆರಿಕನ್ನರು ಆ ಯುದ್ಧದ ಚರಿತ್ರೆ ಕಲಿತಿದ್ದು ಶಾಲೆಯಲ್ಲಲ್ಲ, ಬಾರಿನ ಗೋಡೆ ನೋಡಿ. ಲಕೋಟರು ತಮ್ಮ ಬಿಡಾರ, ಹೆಂಗಸರು, ಮಕ್ಕಳು ಇದ್ದ ಜಾಗದ ಮೇಲೆ ಸೇನೆ ಬಿದ್ದಾಗ ಎದುರು ನಿಂತವರು ಅನ್ನುವುದು ಆ ಚಿತ್ರದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಲೆಕ್ಕ ನೋಡಿ. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಅನ್ನುವ ಹಳ್ಳದ ಹತ್ತಿರ, ಕಸ್ಟರನ ಅದೇ ಏಳನೇ ಅಶ್ವದಳ 250ಕ್ಕೂ ಹೆಚ್ಚು ಲಕೋಟರನ್ನು ಕೊಂದಿತ್ತು. ಹೆಂಗಸರು ಮಕ್ಕಳು ಸೇರಿ. ಪೋಸ್ಟರ್ ಬಂದಿದ್ದು ಅದಾಗಿ ಬರೀ ಆರು ವರ್ಷಕ್ಕೆ. ಕೊಂದವರನ್ನು ಹುತಾತ್ಮರು ಅಂತ, ಸತ್ತವರನ್ನು ರಾಕ್ಷಸರು ಅಂತ ತೋರಿಸಿ ಬಿಯರ್ ಮಾರಿದರು. ನಾನು ಸಾಮಾನ್ಯಕ್ಕೆ ಇಷ್ಟು ಖಾರವಾಗಿ ಬರೆಯಲ್ಲ, ಆದರೆ ಇದಕ್ಕೆ ಬೇರೆ ಮಾತು ನನಗೆ ಸಿಗುತ್ತಿಲ್ಲ.

ಆದರೆ ಆ ಜನರಲ್ಲಿ ಕುಡಿತ ಜಾಸ್ತಿ ಅಂತ ಕೇಳಿದ್ದೇನೆ. ಅವರೇ ಅಷ್ಟು ಕುಡಿಯುವಾಗ ಬಿಯರ್ ಮೇಲೆ ಅವರ ಹೆಸರು ಬಂದರೆ ಅಂಥ ತಪ್ಪೇನು?
— ಓದುಗರು, ಹುಬ್ಬಳ್ಳಿ

ನೇರವಾಗಿ ಕೇಳಿದ್ದಕ್ಕೆ ಸಂತೋಷ, ಇದು ತುಂಬ ಜನರ ಮನಸ್ಸಿನಲ್ಲಿ ಇರುವ ಪ್ರಶ್ನೆ. ನೀವು ಕೇಳಿದ್ದು ಅರ್ಧ ಸತ್ಯವೂ ಅಲ್ಲ. ಅರಿಜೋನಾ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಒಂದು ತಿಂಗಳಲ್ಲಿ ಮದ್ಯ ಮುಟ್ಟದವರು ಮೂಲನಿವಾಸಿಗಳಲ್ಲಿ 100ಕ್ಕೆ ಸುಮಾರು 60 ಮಂದಿ, ಬಿಳಿಯರಲ್ಲಿ ಸುಮಾರು 43. ಅಂದರೆ ಕುಡಿಯದೇ ಇರುವವರೇ ಅಲ್ಲಿ ಜಾಸ್ತಿ.

ಕುಡಿತದಿಂದ ಹಾಳಾದ ಮನೆಗಳು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇವೆ, ತುಂಬ ಇವೆ. ಆದರೆ ಅದು ಎಲ್ಲಿಂದ ಬಂತು ನೋಡಿ. ತುಪ್ಪಳದ ವ್ಯಾಪಾರಿಗಳು ವಿಸ್ಕಿ ಪೀಪಾಯಿ ತಂದರು, ಕುಡಿಸಿ ಅಗ್ಗಕ್ಕೆ ಚರ್ಮ ಬರೆಸಿಕೊಂಡರು. ಆಮೇಲೆ ಸರ್ಕಾರವೇ ಅವರಿಗೆ ಮದ್ಯ ಮಾರಬಾರದು ಅಂತ ಕಾನೂನು ಮಾಡಿತು, ಅದು ಸಡಿಲವಾಗಿದ್ದು 1953ರಲ್ಲಿ, ತಮ್ಮ ನೆಲದಲ್ಲಿ ಮದ್ಯ ಬೇಕೋ ಬೇಡವೋ ಅನ್ನುವುದನ್ನು ಆಯಾ ಬುಡಕಟ್ಟಿಗೇ ಬಿಟ್ಟರು. ಅಷ್ಟು ವರ್ಷ ಕಳ್ಳಸಾಗಣೆ ಮಾಡಿದವರು ದುಡ್ಡು ಮಾಡಿಕೊಂಡರು.

ಒಂದು ಊರಿನ ಹೆಸರು ಹೇಳ್ತೀನಿ, ನೆನಪಿಟ್ಟುಕೊಳ್ಳಿ: ವೈಟ್‌ಕ್ಲೇ. ನೆಬ್ರಾಸ್ಕಾದ ಗಡಿಯಲ್ಲಿದೆ. ಅಲ್ಲಿ ಇದ್ದ ಜನ ಸುಮಾರು ಒಂದು ಡಜನ್. ಬಿಯರ್ ಅಂಗಡಿ ನಾಲ್ಕು. ವರ್ಷಕ್ಕೆ ಮಾರುತ್ತಿದ್ದದ್ದು 35 ಲಕ್ಷಕ್ಕೂ ಹೆಚ್ಚು ಡಬ್ಬಿ. ಹನ್ನೆರಡು ಜನ ಅಷ್ಟು ಕುಡಿಯುವುದಿಲ್ಲವಲ್ಲ! ಗಡಿಯ ಆಚೆ ಪೈನ್ ರಿಡ್ಜ್ ಇದೆ, ಕ್ರೇಜಿ ಹಾರ್ಸ್‌ನ ಒಗ್ಲಾಲ ಲಕೋಟರ ನೆಲ. ಅಲ್ಲಿ ಮದ್ಯ ನಿಷೇಧ. ಗಡಿ ದಾಟಿ ಬಂದವರಿಗೆ ಮಾರೋಕೆ ಅಂತಲೇ ಆ ನಾಲ್ಕು ಅಂಗಡಿ. ವರ್ಷಾನುಗಟ್ಟಲೆ ಬುಡಕಟ್ಟಿನ ಹೆಂಗಸರು, ಹಿರಿಯರು ರಸ್ತೆಗೆ ಇಳಿದು ಹೋರಾಡಿದರು. 2017ರ ಏಪ್ರಿಲ್ ಕೊನೆಗೆ ಅಂಗಡಿಗಳು ಮುಚ್ಚಿದವು. ನಮ್ಮ ಹಳ್ಳಿಗಳಲ್ಲಿ ಸಾರಾಯಿ ಅಂಗಡಿ ಎತ್ತಿಸಲು ಬೀದಿಗೆ ಬಂದ ಹೆಣ್ಣುಮಕ್ಕಳನ್ನು ನೀವು ನೋಡಿರುತ್ತೀರಿ. ಅದೇ ಹೋರಾಟ, ಅದೇ ಸಂಕಟ. ಆ ಮನೆಗಳ ಹಿರಿಯನ ಹೆಸರನ್ನೇ ಬಾಟಲಿಗೆ ಇಟ್ಟು ಮಾರುವುದು ಎಂಥ ತಪ್ಪು ಅಂತ ಈಗ ನೀವೇ ಹೇಳಿ.

ಹೂಸ್ಟನ್‌ನಲ್ಲಿ ಕೆಲಸ ಮಾಡುತ್ತೇನೆ. ಮೇ 5ಕ್ಕೆ ಆಫೀಸಿನಲ್ಲಿ ‘ಸಿಂಕೋ ದೆ ಮಾಯೋ’ ಪಾರ್ಟಿ ಇರುತ್ತದೆ, ಬಿಯರ್ ಕಂಪನಿಯವರು ಕೊಟ್ಟ ದೊಡ್ಡ ಟೋಪಿ, ಅಂಟಿಸುವ ಮೀಸೆ ಎಲ್ಲರಿಗೂ ಹಂಚುತ್ತಾರೆ. ಮೆಕ್ಸಿಕೋ ಮೂಲದ ಸಹೋದ್ಯೋಗಿ ಸುಮ್ಮನೆ ಒಂದು ಮೂಲೆಯಲ್ಲಿ ನಿಲ್ಲುತ್ತಾರೆ. ನಾನೇನು ಮಾಡಲಿ?
— ಕನ್ನಡಿಗ ಓದುಗರು, ಟೆಕ್ಸಸ್

ಅವರು ಮೂಲೆಯಲ್ಲಿ ನಿಂತದ್ದನ್ನು ನೀವು ಗಮನಿಸಿದಿರಲ್ಲ, ಅದೇ ದೊಡ್ಡದು.

ಆ ದಿನ ಮೆಕ್ಸಿಕೋದ ಸ್ವಾತಂತ್ರ್ಯ ದಿನ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಸೆಪ್ಟೆಂಬರ್ 16. 1862ರ ಮೇ 5ರಂದು ಪ್ಯೂಬ್ಲಾ ಊರಿನ ಹತ್ತಿರ ಫ್ರಾನ್ಸಿನ ದೊಡ್ಡ ಸೇನೆಯನ್ನು ಜನರಲ್ ಸರಗೋಸಾ ನೇತೃತ್ವದ ಮೆಕ್ಸಿಕೋ ಪಡೆ ಸೋಲಿಸಿತು. ಫ್ರಾನ್ಸಿನ ದೊರೆ ಮೂರನೇ ನೆಪೋಲಿಯನ್ ಸಾಲ ವಸೂಲಿಯ ನೆಪದಲ್ಲಿ ದೇಶವನ್ನೇ ನುಂಗಲು ಬಂದಿದ್ದ. ಸರಗೋಸಾ ಅದೇ ವರ್ಷ ಜ್ವರದಿಂದ ತೀರಿಕೊಂಡ. ಕ್ಯಾಲಿಫೋರ್ನಿಯಾದಲ್ಲಿದ್ದ ಮೆಕ್ಸಿಕೋ ಮೂಲದವರು ಆ ಗೆಲುವಿನ ಸುದ್ದಿ ಕೇಳಿ ಹಬ್ಬ ಮಾಡಲು ಶುರು ಮಾಡಿದರು. ಆಗಲೇ ಅವರ ನೆಲ ಅಮೆರಿಕದ ಪಾಲಾಗಿತ್ತು, ಆದ್ದರಿಂದ ಆ ಗೆಲುವು ಅವರಿಗೆ ಉಸಿರಿನ ಥರ. 1980ರ ದಶಕದಲ್ಲಿ ಬಿಯರ್ ಕಂಪನಿಗಳು ಅದನ್ನು ಕುಡಿಯುವ ದಿನ ಮಾಡಿದವು. ಯುದ್ಧ ಹೋಯಿತು, ಟೋಪಿ ಮೀಸೆ ಉಳಿದವು.

2004ರಲ್ಲಿ ಟೆಕಾಟೆ ಅನ್ನುವ ಬಿಯರಿನ ಬೋರ್ಡುಗಳನ್ನು ಅಲ್ಲಿನ ಜನ ವಿರೋಧ ಮಾಡಿ ಇಳಿಸುವ ಹಾಗೆ ಮಾಡಿದ್ದರು. ತಣ್ಣನೆ ಬಾಟಲಿ ತೋರಿಸಿ ‘ಕೊನೆಗೂ ಒಬ್ಬಳು ತಣ್ಣಗಿರುವ ಲ್ಯಾಟಿನಾ’ ಅಂತ ಬರೆದಿದ್ದರು. ಲ್ಯಾಟಿನಾ ಅಂದರೆ ಮೆಕ್ಸಿಕೋದಂಥ ಲ್ಯಾಟಿನ್ ಅಮೆರಿಕ ದೇಶಗಳ ಮೂಲದ ಹೆಣ್ಣು, ಉಳಿದವರೆಲ್ಲ ‘ಬಿಸಿ’ ಅನ್ನುವ ಕೀಳು ಅರ್ಥ ಅದರಲ್ಲಿತ್ತು. ಇಡೀ ಸಮುದಾಯದ ಹೆಣ್ಣುಮಕ್ಕಳ ಮೇಲೆ ಹೇಸಿಗೆ ಮಾತು, ಅದನ್ನು ತಮಾಷೆ ಅಂದರು.

ನೀವು ಮೀಸೆ ಅಂಟಿಸಿಕೊಳ್ಳಬೇಡಿ. ಬೇರೆಯವರಿಗೆ ಉಪದೇಶ ಮಾಡುವುದೂ ಬೇಡ. ಆ ಸಹೋದ್ಯೋಗಿ ಹತ್ತಿರ ಹೋಗಿ, ‘ನಿಮ್ಮ ಮನೆಯಲ್ಲಿ ಈ ದಿನ ಏನು ಮಾಡ್ತಿದ್ದರು’ ಅಂತ ಕೇಳಿ, ಅವರು ಹೇಳಿದರೆ ಕೇಳಿಸಿಕೊಳ್ಳಿ. ಹೇಳಲಿಲ್ಲ ಅಂದರೆ ಊಟದ ತಟ್ಟೆ ಹಿಡಿದು ಜೊತೆಗೆ ನಿಂತರೂ ಸಾಕು. ಮುಂದಿನ ವರ್ಷ ಪಾರ್ಟಿ ಮಾಡುವವರಿಗೆ ಒಂದು ತಿಂಗಳು ಮೊದಲೇ, ಒಬ್ಬರೇ ಇದ್ದಾಗ, ಟೋಪಿ ಮೀಸೆ ಬೇಡ ಅಂತ ಹೇಳಿ. ಆ ದಿನವೇ ಎಲ್ಲರ ಮುಂದೆ ಹೇಳಿದರೆ ಆ ಸಹೋದ್ಯೋಗಿಗೇ ಇನ್ನೂ ಮುಜುಗರ.

ತಮಾಷೆಯನ್ನು ತಮಾಷೆಯಾಗಿ ತಗೋಬೇಕು ಸಾರ್. ಹೀಗೆ ಪ್ರತಿಯೊಂದಕ್ಕೂ ನೊಂದುಕೊಂಡರೆ ನಗೋದು ಯಾವಾಗ?
— ಓದುಗರು, ಮೈಸೂರು

ನಗೋಣ ಸಾರ್, ನನಗೂ ನಗು ಇಷ್ಟ. ಆದರೆ ಈ ಮಾತನ್ನು ನಾನೇ ಒಂದು ಕಾಲದಲ್ಲಿ ಹೇಳುತ್ತಿದ್ದೆ, ಆದ್ದರಿಂದ ಒಂದು ಘಟನೆ ಹೇಳಲೇಬೇಕು.

ಈ ಅಂಕಣಕ್ಕೆ ಬರುವ ಮೊದಲು ಬೆಂಗಳೂರಿನ ಒಂದು ಜಾಹೀರಾತು ಕಂಪನಿಯಲ್ಲಿದ್ದೆ. ಪಬ್ ಒಂದು ಹೊಸದಾಗಿ ಶುರುವಾಗುತ್ತಿತ್ತು, ಅದಕ್ಕೆ ಪೋಸ್ಟರ್ ಬೇಕಿತ್ತು. ಲಂಬಾಣಿ ಉಡುಪಿನ ಹೆಂಗಸು, ಎರಡೂ ಕೈಯಲ್ಲಿ ಬಿಯರ್ ಮಗ್, ತೂರಾಡುತ್ತಾ ಕುಣಿಯುವ ಚಿತ್ರ. ಕೆಳಗಿನ ಸಾಲು ನಾನು ಬರೆದಿದ್ದೆ. ತಾಂಡಾ ಅನ್ನುವ ಪದದ ಮೇಲೆ ಒಂದು ಜೋಕು. ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ಚಿತ್ರ ಬಿಡಿಸುವ ತಂಡದಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ವಿಜಯಪುರದ ಕಡೆಯವಳು. ಪೆನ್ಸಿಲ್ ಮೇಜಿನ ಮೇಲೆ ಇಟ್ಟು ‘ಸಾರ್, ಇದು ನಮ್ಮಜ್ಜಿ ಉಡೋ ಬಟ್ಟೆ’ ಅಂದಳು. ಅಷ್ಟೇ ಅಂದಿದ್ದು ಮೊದಲು.

‘ಅಯ್ಯೋ, ನಿಮ್ಮನ್ನು ಅಂದಿದ್ದಲ್ಲ’ ಅಂದರು ನಮ್ಮ ಹಿರಿಯರು. ಆಮೇಲೆ ಅವಳು ನಿಧಾನವಾಗಿ ಹೇಳಿದಳು. ಆ ಬಟ್ಟೆಗೆ ಕನ್ನಡಿ ಚೂರು ಕೂರಿಸಿ ಹೊಲಿಯೋಕೆ ಅಜ್ಜಿಗೆ ಒಂದು ವರ್ಷದ ಮೇಲೆ ಹಿಡಿಯಿತಂತೆ. ಕಳ್ಳಭಟ್ಟಿ ಹುಡುಕಿಕೊಂಡು ಪೊಲೀಸ್ ಜೀಪು ಬಂತು ಅಂದರೆ ತಾಂಡಾದಲ್ಲಿ ಎಲ್ಲರ ಮನೆಗೂ ನುಗ್ಗುತ್ತಿದ್ದರಂತೆ, ಭಟ್ಟಿ ಇಳಿಸುವವರ ಮನೆ, ಇಳಿಸದವರ ಮನೆ ಅಂತ ನೋಡದೆ. ಶಾಲೆಯಲ್ಲಿ ಹುಡುಗರು ಅವಳಿಗೆ ‘ನಿಮ್ಮನೇಲಿ ಎಷ್ಟು ಲೀಟರ್’ ಅಂತ ಕೇಳುತ್ತಿದ್ದರಂತೆ.

ಪೋಸ್ಟರ್ ಅಚ್ಚಾಯಿತು. ನನ್ನ ಸಾಲೇ ಇತ್ತು. ನಾನು ತಡೆಯಲಿಲ್ಲ, ತಡೆಯಬಹುದಿತ್ತು. ಎರಡು ತಿಂಗಳಿಗೆ ಅವಳು ಕೆಲಸ ಬಿಟ್ಟಳು. ಅವಳಿಗೆ ಆಮೇಲೆ ಪತ್ರ ಬರೆದು ಕ್ಷಮೆ ಕೇಳಿದ್ದೇನೆ, ಆದರೆ ಗೋಡೆ ಮೇಲೆ ಇದ್ದ ಪೋಸ್ಟರನ್ನು ಎಷ್ಟೋ ಸಾವಿರ ಜನ ನೋಡಿಯಾಗಿತ್ತು.

ಆವತ್ತು ನಮ್ಮ ಕೋಣೆಯಲ್ಲಿ ಅವಳೊಬ್ಬಳು ಇರದೇ ಹೋಗಿದ್ದರೆ ಅದು ನಮಗೆ ಒಳ್ಳೇ ತಮಾಷೆಯಾಗಿಯೇ ಉಳಿಯುತ್ತಿತ್ತು. ಕ್ರೇಜಿ ಹಾರ್ಸ್ ಲೇಬಲ್ ಒಪ್ಪಿದ ಕೋಣೆಯಲ್ಲಿ ಒಬ್ಬ ಲಕೋಟ ಹೆಂಗಸು ಇದ್ದಿದ್ದರೆ ಅಂತ ನಾನು ಯೋಚಿಸುತ್ತಿರುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು ಸಾರ್: ಯಾರ ಬಗ್ಗೆ ನಗುತ್ತೀರೋ ಅವರ ಎದುರಿಗೆ ಕೂತು ಅದೇ ಜೋಕು ಹೇಳೋಕೆ ನಿಮಗೆ ಬಾಯಿ ಬರುತ್ತದಾ? ಬಂದರೆ ಹೇಳಿ, ಅವರೂ ನಗುತ್ತಾರೆ.

ಬೇಕಂತ ಮಾಡದೆ, ಗೊತ್ತಿಲ್ಲದೆ ಆದ ತಪ್ಪುಗಳೂ ಇರುತ್ತವಲ್ಲ?
— ಗೃಹಿಣಿ, ಉಡುಪಿ

ಇರುತ್ತವೆ. 2020ರಲ್ಲಿ ಕೆನಡಾದ ಒಂದು ಸಣ್ಣ ಬ್ರೂಯರಿ ತನ್ನ ಬಿಯರಿಗೆ ‘ಹುರುಹುರು’ ಅಂತ ನ್ಯೂಜಿಲೆಂಡಿನ ಮಾವೊರಿ ಭಾಷೆಯ ಹೆಸರಿಟ್ಟಿತು. ಗರಿ ಅನ್ನುವ ಅರ್ಥ ಅಂತ ನಂಬಿದ್ದರು. ಗುಪ್ತಾಂಗದ ಕೂದಲಿಗೂ ಮಾವೊರಿ ಜನ ಅದೇ ಪದ ಬಳಸುತ್ತಾರೆ. ಅಲ್ಲಿನವರು ತೋರಿಸಿಕೊಟ್ಟ ಮೇಲೆ ಕಂಪನಿ ಕ್ಷಮೆ ಕೇಳಿತು. ಒಬ್ಬ ಮಾವೊರಿ ಮನುಷ್ಯನಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು.

2018ರ ಹೈನೆಕೆನ್ ಬಿಯರ್ ಜಾಹೀರಾತನ್ನು ಮಾತ್ರ ಗೊತ್ತಿಲ್ಲದೆ ಆಗಿದ್ದು ಅನ್ನೋಕೆ ನನಗೆ ಕಷ್ಟ. ಬಾರಿನವನು ಬಾಟಲಿ ಜಾರಿಸುತ್ತಾನೆ, ಅದು ಕಪ್ಪು ಮೈಬಣ್ಣದವರನ್ನು ಒಬ್ಬೊಬ್ಬರನ್ನಾಗಿ ದಾಟಿ ತೆಳು ಬಣ್ಣದ ಹೆಂಗಸಿನ ಹತ್ತಿರ ನಿಲ್ಲುತ್ತದೆ. ಆಮೇಲೆ ಬರುವ ಸಾಲು, ‘ಕೆಲವು ಸಲ ಲೈಟರ್ ಆದದ್ದೇ ಚೆನ್ನ’. ಲೈಟರ್ ಅಂದರೆ ಹಗುರ ಅಂತಲೂ ಆಯಿತು, ಬೆಳ್ಳಗೆ ಅಂತಲೂ ಆಯಿತು. ಹಾಡುಗಾರ ಚಾನ್ಸ್ ದಿ ರ‍್ಯಾಪರ್ ಇದನ್ನು ಎತ್ತಿ ತೋರಿಸಿದ ಮೇಲೆ ಕಂಪನಿ ಜಾಹೀರಾತು ವಾಪಸ್ ತಗೊಂಡಿತು. ಬಿಳಿ ಮಾಡುವ ಕ್ರೀಮಿನ ಜಾಹೀರಾತು ನೋಡುತ್ತಾ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಆ ಬಾಟಲಿ ಯಾರನ್ನು ದಾಟಿ ಹೋಯಿತು ಅನ್ನುವುದು ಬೇಗ ಅರ್ಥವಾಗುತ್ತದೆ.

ನಮ್ಮ ಊರಿನಲ್ಲೇ ಇಂಥ ಜಾಹೀರಾತು ಕಂಡರೆ ಎಲ್ಲಿ ದೂರು ಕೊಡಬೇಕು? ಕೊಟ್ಟರೆ ಯಾರಾದರೂ ಕೇಳ್ತಾರಾ?
— ಓದುಗರು, ಕಲಬುರಗಿ

ಕೇಳ್ತಾರೆ, ಸರಿಯಾಗಿ ಬರೆದರೆ. ಮುಂಬೈಯಲ್ಲಿ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾ ಅಂತ ಇದೆ, ಚಿಕ್ಕದಾಗಿ ಆಸ್ಕಿ ಅಂತಾರೆ, 1985ರಿಂದ ಇದೆ. ಜಾತಿ, ಬಣ್ಣ, ಧರ್ಮ, ಲಿಂಗ, ದೇಶ ಇವುಗಳ ಹೆಸರಲ್ಲಿ ಯಾರನ್ನೂ ಹೀಯಾಳಿಸಬಾರದು ಅಂತ ಅವರ ನಿಯಮಾವಳಿಯಲ್ಲೇ ಇದೆ. ಯಾರು ಬೇಕಾದರೂ ದೂರು ಕೊಡಬಹುದು, ಅವರ ವೆಬ್‌ಸೈಟಿನಲ್ಲೇ ಅರ್ಜಿ ಇದೆ. ಮದ್ಯದ ಜಾಹೀರಾತು ನಮ್ಮಲ್ಲಿ ಟಿವಿಯಲ್ಲಿ 2000ದಿಂದ ನಿಷೇಧ. ಅದಕ್ಕೇ ಸೋಡಾ, ನೀರು, ಮ್ಯೂಸಿಕ್ ಸಿಡಿ ಅಂತ ಅದೇ ಹೆಸರನ್ನು ಬೇರೆ ದಾರಿಯಲ್ಲಿ ತರುತ್ತಾರೆ. 2022ರ ಜೂನ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಂಥ ಬದಲಿ ಜಾಹೀರಾತಿನ ಮೇಲೂ ನಿಯಮ ತಂದಿದೆ, ಹಾಗಾಗಿ ಅವರಿಗೂ ಬರೆಯಬಹುದು.

ಬರೆಯುವಾಗ ಸಿಟ್ಟು ಕಡಿಮೆ ಇರಲಿ, ವಿವರ ಜಾಸ್ತಿ ಇರಲಿ. ಜಾಹೀರಾತಿನ ಪೂರ್ತಿ ಫೋಟೋ, ಎಲ್ಲಿ ಕಂಡಿದ್ದು, ಯಾವ ತಾರೀಖು, ಎಷ್ಟು ಹೊತ್ತಿಗೆ, ಅದರಲ್ಲಿದ್ದ ಮಾತು ಅಕ್ಷರ ಬಿಡದೆ. ಅದು ಯಾವ ಸಮುದಾಯದ ಬಗ್ಗೆ, ಯಾಕೆ ನೋವು ಅನ್ನುವುದನ್ನು ನಾಲ್ಕೈದು ಸಾಲಿನಲ್ಲಿ. ಆ ಸಮುದಾಯದವರು ನಿಮ್ಮ ಓಣಿಯಲ್ಲಿ ಇದ್ದರೆ ಮೊದಲು ಅವರನ್ನು ಕೇಳಿ, ಅವರೇ ಬರೆಯಲು ಒಪ್ಪಿದರೆ ಅವರ ಸಹಿ ಮೇಲೆ ಇರಲಿ, ನಿಮ್ಮದು ಕೆಳಗೆ.